ಮೆಹಂದಿ ಸೀಸನ್ ಮುಗಿಯಿತು, ಒಂದು ಮಾತ್ರೆ ನಿಂತಿತು

ಮೊನ್ನೆ ಡಾಕ್ಟ್ರು ನನ್ನ ಬಿಪಿಯ ಎರಡು ಮಾತ್ರೆಗಳಲ್ಲಿ ಒಂದನ್ನು ನಿಲ್ಲಿಸಿದರು. ಇನ್ನೊಂದು ಮುಂದುವರಿಯುತ್ತದೆ, ಬಹುಶಃ ಯಾವತ್ತಿಗೂ. ಆದರೂ ನನಗೆ ಇದು ದೊಡ್ಡ ಸುದ್ದಿಯೇ. ಈ ವರ್ಷದ ಮದುವೆ ಸೀಸನ್ ಪೂರ್ತಿ ಒಂದು ಹನಿ ಮದ್ಯ ಮುಟ್ಟದೆ ದಾಟಿದ್ದೇನೆ, ಅದರಲ್ಲಿ ನನಗಿಂತ ಬೇರೆಯವರ ಪಾಲೇ ಜಾಸ್ತಿ. ಒಬ್ಬೊಬ್ಬರಿಗೇ ಫೋನ್ ಮಾಡಿ ಥ್ಯಾಂಕ್ಸ್ ಹೇಳಲು ನಾಚಿಕೆ, ಅದಕ್ಕೆ ಇಲ್ಲಿ ಬರೆಯುತ್ತಿದ್ದೇನೆ.

ನನ್ನ ಕೆಲಸ ಕಾಪು, ಕಟಪಾಡಿ ಕಡೆಯವರಿಗೆ ಗೊತ್ತು. ಶಾಮಿಯಾನ, ಲೈಟಿಂಗ್, ಸೌಂಡ್ಸ್. ನಮ್ಮಲ್ಲಿ ಮದುವೆಗಿಂತ ಹಿಂದಿನ ರಾತ್ರಿಯ ಮೆಹಂದಿಗೇ ಗೌಜಿ ಜಾಸ್ತಿ, ಗೌಜಿ ಎಂದ ಮೇಲೆ ಮನೆಯ ಹಿಂದೆ ಒಂದು ಟೇಬಲ್ ಇರಲೇಬೇಕು ಅಲ್ವಾ? ಸೌಂಡ್ಸಿನವನು ಬಂದ ಕೂಡಲೇ ಅವನ ಕೈಗೆ ಗ್ಲಾಸು. ಬೇಡ ಎಂದರೆ "ಎಂತ ಮಾರಾಯಾ, ನಮ್ಮ ಮನೆಯದ್ದು ಆಗುವುದಿಲ್ಲವಾ?" ಎನ್ನುತ್ತಾರೆ. ಏಪ್ರಿಲ್, ಮೇ ತಿಂಗಳಲ್ಲಿ ಇಂಥ ಮನೆ ಹೆಚ್ಚುಕಡಿಮೆ ದಿನಕ್ಕೊಂದು.

ಮೊದಲ ಥ್ಯಾಂಕ್ಸ್ ಡಾಕ್ಟ್ರಿಗೆ. ಅವರು ಬೈಯಲಿಲ್ಲ, ಬರೇ ಲೆಕ್ಕ ಕೇಳಿದರು. "ಸ್ವಲ್ಪ ತಗೊಳ್ತೇನೆ" ಎಂದೆ. "ಸ್ವಲ್ಪ ಅಂದರೆ ಎಷ್ಟು ಎಂಎಲ್?" ಎಂದರು. 30 ಎಂಎಲ್‌ನ ಒಂದು ಪೆಗ್ ವಿಸ್ಕಿಯಲ್ಲಿ ಸುಮಾರು 10 ಗ್ರಾಂ ಆಲ್ಕೋಹಾಲ್ ಇರುತ್ತದೆ, ಒಂದು ಕ್ವಾರ್ಟರ್ ಎಂದರೆ ಅಂಥ ಆರು ಪೆಗ್. ಹಾಗಾದರೆ ಬೀರಿಗೆ ಇಳಿಯುತ್ತೇನೆ ಎಂದೆ. ಅದಕ್ಕೂ ಚೀಟಿಯ ಹಿಂದೆ ಲೆಕ್ಕ ಮಾಡಿದರು. ಶೇ. 8ರ ಸ್ಟ್ರಾಂಗ್ ಬೀರು, 650 ಎಂಎಲ್ ಬಾಟಲಿ, ಸುಮಾರು 40 ಗ್ರಾಂ. ಅಂದರೆ ನಾಲ್ಕು ಪೆಗ್! ಸೆಕೆಗೆ ತಂಪು ಅಂತ ಕುಡಿಯುವ ಬೀರು ಇದು. ರೆಡ್ ವೈನ್ ಹೃದಯಕ್ಕೆ ಒಳ್ಳೆಯದಂತೆ ಎಂದು ಪಕ್ಕದಲ್ಲಿ ಕೂತಿದ್ದವರೊಬ್ಬರು ನನ್ನ ಪರವಾಗಿ ವಾದಿಸಿ ನೋಡಿದರು. ಇಷ್ಟು ಕುಡಿದರೆ ತೊಂದರೆ ಇಲ್ಲ ಎನ್ನುವ ಅಳತೆಯೇ ಇಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲೇ ಹೇಳಿದೆ ಎಂದು ಅವರಿಗೂ ಉತ್ತರ ಸಿಕ್ಕಿತು.

ಎರಡನೆಯದು ಹೆಂಡತಿಗೆ, ಅವಳ ನೋಟ್ ಪುಸ್ತಕಕ್ಕೆ. ಬೆಳಿಗ್ಗೆ, ರಾತ್ರಿ ಎರಡೂ ಹೊತ್ತು ಬಿಪಿ ನೋಡಿ ಬರೆದಿಟ್ಟಳು. ಕುಡಿದು ಬಂದ ರಾತ್ರಿ ಬಿಪಿ ಚಂದ ಇರುತ್ತಿತ್ತು, 120ರ ಆಸುಪಾಸು. ನಮ್ಮ ಹುಡುಗರಿಗೆ ಅಷ್ಟೇ ಸಾಕು, "ಕಂಡಿರಾ ಅಣ್ಣಾ, ಎರಡು ಹಾಕಿದರೆ ಬಿಪಿ ಇಳಿಯುತ್ತದೆ" ಎಂದು ಕುಣಿದರು. ಆದರೆ ಮರುದಿನದ ಪುಟದಲ್ಲಿ ಮೇಲಿನ ಅಂಕಿ 150 ದಾಟಿರುತ್ತಿತ್ತು. ಡಾಕ್ಟ್ರು ಪುಸ್ತಕ ನೋಡಿ ಬಿಡಿಸಿ ಹೇಳಿದರು. ಜಾಸ್ತಿ ಕುಡಿದಾಗ ಮೊದಲ ಕೆಲವು ಗಂಟೆ ರಕ್ತನಾಳ ಸಡಿಲವಾಗಿ ಬಿಪಿ ಇಳಿಯುತ್ತದೆ, ಸುಮಾರು 13 ಗಂಟೆ ಕಳೆದ ಮೇಲೆ ಮೊದಲಿಗಿಂತ ಮೇಲೆ ಹೋಗುತ್ತದೆ. ದಿನಾ ಕುಡಿಯುವವನ ನರಗಳು, ಹಾರ್ಮೋನುಗಳು ಸೇರಿ ರಕ್ತನಾಳವನ್ನು ಬಿಗಿ ಹಿಡಿದೇ ಇಡುತ್ತವೆ. ಜೊತೆಗೆ ನೆಂಜಿಕೊಳ್ಳಲು ಉಪ್ಪಿನಕಾಯಿ, ಒಣಮೀನು. ಉಪ್ಪು ಬೇರೆ! ಇದೇನೂ ಹೊಸ ಸಂಗತಿ ಅಲ್ಲ. ಜಾಸ್ತಿ ವೈನ್ ಕುಡಿಯುವ ಸೈನಿಕರಲ್ಲಿ ಬಿಪಿ ಜಾಸ್ತಿ ಎಂದು ಫ್ರಾನ್ಸಿನ ಕಮೀಲ್ ಲಿಯಾನ್ ಎಂಬ ಡಾಕ್ಟರು 1915ರಲ್ಲೇ ಬರೆದಿದ್ದರಂತೆ. ಯುದ್ಧದ ನಡುವೆ ಸೈನಿಕರ ಗ್ಲಾಸು ಎಣಿಸಿದ ಮನುಷ್ಯ ಅಂತೂ ಗಟ್ಟಿಗ.

ಭಾವನಿಗೆ ಮಾತ್ರ ಬೇರೆಯೇ ಥ್ಯಾಂಕ್ಸ್. ಅವರು ಹಿಂದೊಮ್ಮೆ ಹಠ ಮಾಡಿ ಒಂದೇ ದಿನಕ್ಕೆ ನಿಲ್ಲಿಸಿದ್ದರು, ದಿನಾ ಬೆಳಿಗ್ಗೆಯೇ ಶುರು ಮಾಡುತ್ತಿದ್ದ ಮನುಷ್ಯ. ಎರಡನೇ ದಿನ ಕೈ ನಡುಗಿ, ಬೆವರಿ, ಫಿಟ್ಸ್ ಬಂದು ಆಸ್ಪತ್ರೆ ಸೇರಬೇಕಾಯಿತು. "ಬಿಡುವ ಮೊದಲು ಎಷ್ಟು ಕುಡಿಯುತ್ತೀ ಅಂತ ಡಾಕ್ಟ್ರ ಹತ್ತಿರ ಸರಿಯಾಗಿ ಹೇಳು, ನನ್ನ ಹಾಗೆ ಮಾಡಬೇಡ" ಎಂದು ನನ್ನನ್ನು ಬೈಕಿನಲ್ಲಿ ಕೂರಿಸಿಕೊಂಡು ಹೋದದ್ದು ಅವರೇ. ದಿನಾ ಜಾಸ್ತಿ ಕುಡಿಯುವವರು ಓದುತ್ತಿದ್ದರೆ ದಯವಿಟ್ಟು ಇದೊಂದನ್ನು ಕೇಳಿ: ಮನೆಯಲ್ಲಿ ಸುಮ್ನೆ ಒಮ್ಮೆಲೇ ನಿಲ್ಲಿಸಲು ಹೋಗಬೇಡಿ. ನಿಧಾನ ಇಳಿಸುವ ದಾರಿ, ಅದಕ್ಕೆ ಬೇಕಾದ ಔಷಧಿ ಡಾಕ್ಟ್ರಲ್ಲಿ ಇದೆ. ಬಿಪಿ ಇಳಿಯಿತು ಅಂತ ಮಾತ್ರೆಯನ್ನೂ ನಾವೇ ಬಿಡಬಾರದು.

ಮತ್ತೆ ನಮ್ಮ ಹುಡುಗರು. ಬಿಪಿ ವಾದ ಸೋತ ಮೇಲೆ ಅವರೇ ಕಾವಲಿಗೆ ನಿಂತರು. ಟೇಬಲ್ ಕಡೆಯಿಂದ ಯಾರಾದರೂ ನನ್ನನ್ನು ಕರೆದರೆ ಸಾಕು, "ಅಣ್ಣಾ, ಮೈಕ್ ಕುಂಯ್ ಅಂತಿದೆ" ಎಂದು ಓಡಿ ಬರುತ್ತಿದ್ದರು. ಮೈಕ್ ಸರಿಯೇ ಇರುತ್ತಿತ್ತು. ಕಟಪಾಡಿಯ ಒಂದು ಮನೆಯಲ್ಲಿ ಮದುಮಗಳ ಸೋದರಮಾವ "ನೀವು ಬಿಟ್ಟದ್ದು ಗೊತ್ತಾಯಿತು ಮಾರ್ರೆ" ಎಂದು ನನಗೇ ಅಂತ ಬೊಂಡ (ಎಳನೀರು) ಕೆತ್ತಿಸಿ ಇಟ್ಟಿದ್ದರು. ಇನ್ನೊಂದು ಮನೆಯಲ್ಲಿ ಪುನರ್ಪುಳಿ ಜ್ಯೂಸ್, ಜಗ್ಗು ತುಂಬಾ. ಆ ಟೇಬಲ್‌ಗಳಿಗೆ ಈಗಲೂ ಲೈಟ್ ಹಾಕುವವನು ನಾನೇ, ಕುಡಿಯುವವರ ಮೇಲೆ ನನಗೇನೂ ಸಿಟ್ಟಿಲ್ಲ. ಬೇಡ ಎಂದವನನ್ನು ಎರಡನೇ ಸಲ ಕೇಳದಿದ್ದರೆ ಸಾಕು, ಈ ಮನೆಗಳವರು ಕೇಳಲಿಲ್ಲ.

ಹೆಂಡತಿ ಈಗ ಬಿಪಿ ಮಿಷನ್ ಅಂಗಡಿಯಲ್ಲೇ ಇಟ್ಟಿದ್ದಾಳೆ. ಮಳೆಗಾಲ, ಹೇಗೂ ಕೆಲಸ ಕಡಿಮೆ. ನೋಡಬೇಕಾದವರು ಬನ್ನಿ, ದುಡ್ಡೇನೂ ಬೇಡ. ಬರುವ ಅರ್ಧ ಗಂಟೆ ಮೊದಲು ಚಹಾ, ಬೀಡಿ ಬೇಡ, ಬಂದ ಮೇಲೆ ಐದು ನಿಮಿಷ ಮಾತಾಡದೆ ಕೂರಬೇಕು. ನಮ್ಮ ಅಂಗಡಿಯಲ್ಲಿ ಆ ಐದು ನಿಮಿಷವೇ ಕಷ್ಟ, ನೋಡೋಣ.