ನಕ್ಷತ್ರಗಳ ಹುಟ್ಟಿನ ಕುರಿತು ತಮ್ಮನ ಮಗಳಿಗೆ

ಚಿರಂಜೀವಿಗೆ ನಿನ್ನ ದೊಡ್ಡಪ್ಪ ಮಾಡುವ ಆಶೀರ್ವಾದಗಳು. ಇಲ್ಲಿ ನಾವೆಲ್ಲ ಕ್ಷೇಮ.

ನಿನ್ನ ಪತ್ರವನ್ನು ಎರಡು ಬಾರಿ ಓದಿದೆ. ಸಿನ್ಸಿನಾಟಿಯಿಂದ ನದಿ ದಾಟಿ, ಕೆಂಟಕಿಯ ಪೀಟರ್ಸ್‌ಬರ್ಗ್‌ನಲ್ಲಿ 2007ರಲ್ಲಿ ತೆರೆದ, ಬೈಬಲ್ ಹೇಳುವಂತೆಯೇ ದೇವರು ವಿಶ್ವವನ್ನು ಸೃಷ್ಟಿಸಿದನೆಂದು ನಂಬುವ ಸೃಷ್ಟಿವಾದಿಗಳ ಮ್ಯೂಸಿಯಂಗೆ ಗೆಳತಿ ನಿನ್ನನ್ನು ಕರೆದೊಯ್ದಳೆಂದೂ, ವಿಶ್ವಕ್ಕೆ ಸುಮಾರು 6,000 ವರ್ಷ ಮಾತ್ರ ವಯಸ್ಸೆಂದು ನಂಬುವ ಅವಳೊಡನೆ ಮುಂದಿನ ತಿಂಗಳು ಸಹಪಾಠಿಗಳ ಮುಂದೆ ನಕ್ಷತ್ರಗಳ ಹುಟ್ಟಿನ ಬಗ್ಗೆ ಚರ್ಚೆಗೆ ಕೂರುವುದಿದೆಯೆಂದೂ ಬರೆದಿದ್ದೀಯ. ಅವಳ ಬಾಯಿ ಮುಚ್ಚಿಸುವಂಥ ನಾಲ್ಕು ಮಾತು ಹೇಳಿಕೊಡಿ ಎಂದೂ ಕೇಳಿದ್ದೀಯ. ನನಗೆ ತಿಳಿದ ಭೌತಶಾಸ್ತ್ರವನ್ನು ಖಂಡಿತ ಹೇಳುತ್ತೇನೆ, ಮಗಳೇ. ಬಾಯಿ ಮುಚ್ಚಿಸುವ ಉದ್ದೇಶವನ್ನು ಮಾತ್ರ ದಯವಿಟ್ಟು ಬಿಟ್ಟುಬಿಡು.

ಅನಿಲವು ಹರಡುತ್ತದೆಯೇ ಹೊರತು ತಾನಾಗಿ ಒಟ್ಟುಗೂಡುವುದಿಲ್ಲ ಎಂಬುದು ಅವಳ ಮುಖ್ಯ ಆಕ್ಷೇಪ. ಇದನ್ನು ಹಗುರವಾಗಿ ತಳ್ಳಿಹಾಕಬೇಡ. ಊದುಬತ್ತಿಯ ಹೊಗೆ ಕೋಣೆಯ ತುಂಬ ಹರಡುವುದನ್ನು ಎಲ್ಲರೂ ಕಂಡಿದ್ದೇವೆ, ಅದು ಮರಳಿ ಉಂಡೆಗಟ್ಟುವುದನ್ನು ಯಾರೂ ಕಂಡಿಲ್ಲ. ಆದರೆ ಒತ್ತಡ ಮತ್ತು ಗುರುತ್ವಗಳ ಈ ಸೆಣಸಾಟದ ಲೆಕ್ಕವನ್ನು ಬ್ರಿಟಿಷ್ ವಿಜ್ಞಾನಿ ಜೇಮ್ಸ್ ಜೀನ್ಸ್ 1902ರಲ್ಲಿಯೇ ಮಾಡಿದ್ದರು. ಅನಿಲದ ಮೋಡ ಎಷ್ಟು ತಣ್ಣಗಿದೆ, ಎಷ್ಟು ದಟ್ಟವಾಗಿದೆ ಎಂಬುದಕ್ಕೆ ಅನುಗುಣವಾಗಿ ಒಂದು ದ್ರವ್ಯರಾಶಿಯ ಮಿತಿಯಿರುತ್ತದೆ. ಅದನ್ನು ಮೀರಿದ ಮೋಡವು ತನ್ನ ಭಾರಕ್ಕೇ ಕುಸಿಯುತ್ತದೆ. ಕೋಣೆಯ ಹೊಗೆ ಆ ಮಿತಿಯ ಹತ್ತಿರಕ್ಕೂ ಬಾರದು. ಆದರೆ ನಕ್ಷತ್ರಗಳ ನಡುವಿನ ಅಣುಮೋಡಗಳ, ಅಂದರೆ ಹೆಚ್ಚಾಗಿ ಜಲಜನಕದ ಅಣುಗಳಿಂದಾದ ತಣ್ಣನೆಯ ಅನಿಲಮೋಡಗಳ, ತಿರುಳು ಸೊನ್ನೆಗಿಂತ ಸುಮಾರು 263 ಡಿಗ್ರಿ ಸೆಲ್ಸಿಯಸ್ ಕೆಳಗಿನ ಶೈತ್ಯದಲ್ಲಿರುತ್ತದೆ, ಅಂಥ ಕಡೆ ಸೂರ್ಯನ ಕೆಲವೇ ಪಟ್ಟು ದ್ರವ್ಯ ಸೇರಿದರೂ ಗುರುತ್ವದ ಕೈ ಮೇಲಾಗುತ್ತದೆ.

ಅವಳು ಜಾಣೆಯಾಗಿದ್ದರೆ, ಕುಗ್ಗಿದ ಅನಿಲ ಬಿಸಿಯಾಗಿ ಕುಸಿತವನ್ನು ತಡೆಯುವುದಿಲ್ಲವೇ ಎಂದು ಮುಂದೆ ಕೇಳುತ್ತಾಳೆ. ಕೇಳಲೇಬೇಕಾದ ಪ್ರಶ್ನೆ ಅದು. ಮೋಡದಲ್ಲಿರುವ ಇಂಗಾಲದ ಮೊನಾಕ್ಸೈಡ್ ಮತ್ತು ಧೂಳಿನ ಕಣಗಳು ಆ ಶಾಖವನ್ನು ಅಲೆಗಳಾಗಿ ಹೊರಗೆ ಚೆಲ್ಲುತ್ತವೆ, ಆದ್ದರಿಂದ ಮೋಡ ಕುಗ್ಗುತ್ತಲೂ ತಣ್ಣಗೇ ಉಳಿಯುತ್ತದೆ. ಇದು ಕೇವಲ ಊಹೆಯಲ್ಲ. ಇಂಗಾಲದ ಮೊನಾಕ್ಸೈಡ್ ಸೂಸುವ ಆ ಅಲೆಗಳನ್ನೇ 1970ರಲ್ಲಿ ವಿಲ್ಸನ್, ಜೆಫರ್ಟ್ಸ್ ಮತ್ತು ಪೆಂಜಿಯಾಸ್ ಎಂಬ ವಿಜ್ಞಾನಿಗಳು ಒರಾಯನ್ ನೀಹಾರಿಕೆಯ ದಿಕ್ಕಿನಲ್ಲಿ ರೇಡಿಯೋ ದೂರದರ್ಶಕದಿಂದ ಹಿಡಿದರು. ತಿರುಳು ಅಪಾರದರ್ಶಕವಾಗುವಷ್ಟು ದಟ್ಟವಾದ ಮೇಲೆಯೇ ಶಾಖ ಒಳಗೆ ಸಿಕ್ಕಿಕೊಳ್ಳುತ್ತದೆ. ಅಲ್ಲಿಂದ ಮುಂದೆ ಕುಗ್ಗುವಿಕೆ ನಿಧಾನವಾಗಿ, ಸೂರ್ಯನಂಥ ನಕ್ಷತ್ರಕ್ಕಾದರೆ ಕೆಲವು ಕೋಟಿ ವರ್ಷ ಹಿಡಿದು, ಕೇಂದ್ರದ ಉಷ್ಣತೆ ಕೋಟಿ ಡಿಗ್ರಿ ದಾಟಿದಾಗ ಜಲಜನಕ ಬೆಸೆದು ಹೀಲಿಯಂ ಆಗತೊಡಗುತ್ತದೆ.

ಒಂದು ನಕ್ಷತ್ರ ಹುಟ್ಟಿದ್ದನ್ನು ಮೊದಲಿನಿಂದ ಕೊನೆಯವರೆಗೆ ಯಾರೂ ಕಣ್ಣಾರೆ ಕಂಡಿಲ್ಲ ಎಂದೂ ಅವಳು ಹೇಳಿದಳಂತೆ. ಇದು ನಿಜ, ಒಪ್ಪಿಕೋ. ನಾನು ಪಾಠ ಹೇಳುತ್ತಿದ್ದ ಕಾಲದಲ್ಲಿ ಇದೇ ಪ್ರಶ್ನೆಗೆ, ದೂರದರ್ಶಕದಲ್ಲಿ ಎಲ್ಲವನ್ನೂ ನೋಡಿಯಾಗಿದೆ ಎಂದು ಗಟ್ಟಿಯಾಗಿ ಹೇಳಿಬಿಟ್ಟಿದ್ದೆ; ಯಾರು, ಯಾವಾಗ ನೋಡಿದರು ಎಂದು ಹಿಂದಿನ ಬೆಂಚಿನ ಹುಡುಗನೊಬ್ಬ ಕೇಳಿದಾಗ ನನ್ನಲ್ಲಿ ಉತ್ತರವಿರಲಿಲ್ಲ. ಆ ತರಗತಿ ಅದರ ಮೇಲೆ ನಾನು ಹೇಳಿದ ಸರಿಯಾದ ಮಾತನ್ನೂ ಅನುಮಾನದಿಂದಲೇ ಕೇಳಿತು. ಅಂದು ಹೇಳಬೇಕಿದ್ದ ಮಾತು ನಮ್ಮ ತೋಟದಲ್ಲಿಯೇ ಇತ್ತು. ಅಡಿಕೆ ಮರದ ಆಯುಷ್ಯವನ್ನು ಅರಿಯಲು ಯಾರೂ ಒಂದು ಮರದ ಬುಡದಲ್ಲಿ ಅರವತ್ತು ವರ್ಷ ಕೂರಬೇಕಿಲ್ಲ. ಸಸಿಮಡಿ, ಎಳೆಗಿಡ, ಸಿಂಗಾರ ಬಿಟ್ಟ ಮರ, ತುದಿ ಒಣಗಿದ ಮರಗಳ ನಡುವೆ ಒಂದು ದಿನ ಅಡ್ಡಾಡಿದರೆ ಸಾಕು. ಖಗೋಳಜ್ಞ ವಿಲಿಯಂ ಹರ್ಷೆಲ್ 1789ರಲ್ಲಿಯೇ ಆಕಾಶವನ್ನು ಇಂಥ ತೋಟಕ್ಕೆ ಹೋಲಿಸಿದ್ದರು. ಆ ತೋಟದಲ್ಲಿ ಬರ್ನಾರ್ಡ್ 68 ಎಂಬ ಕರಿಮೋಡ ಕುಸಿತದ ಅಂಚಿನಲ್ಲಿದೆ. ಎಚ್‌ಎಲ್ ಟೌರಿ ಎಂಬ ಎಳೆಯ ನಕ್ಷತ್ರದ ಸುತ್ತಲಿನ ಧೂಳಿನ ತಟ್ಟೆಯನ್ನೂ ಅದರ ಉಂಗುರಗಳನ್ನೂ ಚಿಲಿಯ ಆಲ್ಮಾ ದೂರದರ್ಶಕ 2014ರಲ್ಲಿ ಚಿತ್ರಿಸಿತು. ನಮ್ಮ ಕೃತ್ತಿಕೆಯ ವಯಸ್ಸು ಸುಮಾರು 10 ಕೋಟಿ ವರ್ಷ, ಸೂರ್ಯನದು ಸುಮಾರು 460 ಕೋಟಿ, ಆರಿದ್ರೆ ಮುಪ್ಪಿನಲ್ಲಿದೆ.

ಹೊಸ ನಕ್ಷತ್ರಕ್ಕೆ ಹಳೆಯದೊಂದು ಸಿಡಿಯಬೇಕಾದರೆ ಮೊದಲನೆಯದು ಹೇಗೆ ಹುಟ್ಟಿತು ಎಂದು ಅವಳು ಕೇಳಿದರೆ ಉತ್ತರ ಚಿಕ್ಕದು: ಸಿಡಿತ ಕೆಲವೆಡೆ ಮೋಡವನ್ನು ಅದುಮಿ ನೆರವಾಗುತ್ತದೆ, ಆದರೆ ಅದು ಅನಿವಾರ್ಯವಲ್ಲ. ಮೊದಲ ನಕ್ಷತ್ರಗಳ ಕಾಲದಲ್ಲಿ ಜಲಜನಕದ ಅಣುಗಳೇ ಮೋಡವನ್ನು ತಣಿಸಿರಬೇಕು. ಆ ಮೊದಲ ನಕ್ಷತ್ರಗಳು ಎಷ್ಟು ದೊಡ್ಡವಾಗಿದ್ದವು, ಕಾಂತಕ್ಷೇತ್ರಗಳು ಕುಸಿತವನ್ನು ಎಷ್ಟು ತಡೆಯುತ್ತವೆ ಎಂಬ ಬಗ್ಗೆ ಖಗೋಳಜ್ಞರಲ್ಲಿ ಇಂದಿಗೂ ಚರ್ಚೆಯಿದೆ. ಅದನ್ನು ಮುಚ್ಚಿಡದೆ ನೀನೇ ಮೊದಲು ಹೇಳು.

ಇನ್ನೊಂದು ವಿಷಯ, ಇದು ನನಗೆ ಬಹಳ ಮುಖ್ಯವಾದದ್ದು. ನಾಸ್ತಿಕತೆಯ ವಿರುದ್ಧ ಉಪನ್ಯಾಸ ಕೊಟ್ಟಿದ್ದ ಪಾದ್ರಿ ರಿಚರ್ಡ್ ಬೆಂಟ್ಲಿಗೆ ದೈವಭಕ್ತರಾದ ನ್ಯೂಟನ್ 1692ರ ಡಿಸೆಂಬರ್‌ನಲ್ಲಿ ಒಂದು ಪತ್ರ ಬರೆದರು. ಅನಂತ ಆಕಾಶದಲ್ಲಿ ಸಮನಾಗಿ ಹರಡಿದ ದ್ರವ್ಯವು ಗುರುತ್ವದಿಂದ ಅಲ್ಲಲ್ಲಿ ಕೂಡಿ ಸೂರ್ಯನೂ ನಕ್ಷತ್ರಗಳೂ ಆಗಿರಬಹುದು ಎಂದು ಅದರಲ್ಲಿದೆ. ಹೊಳೆಯುವ ದ್ರವ್ಯವು ಹೊಳೆಯದ ದ್ರವ್ಯದಿಂದ ಏಕೆ ಬೇರ್ಪಟ್ಟಿತೆಂಬುದಕ್ಕೆ ಮಾತ್ರ ಪ್ರಕೃತಿಯ ಕಾರಣ ಸಾಲದೆಂದು, ಅದನ್ನು ಅವರು ಒಂದು ಚೇತನದ ಸಂಕಲ್ಪಕ್ಕೆ ಬಿಟ್ಟರು. ನಕ್ಷತ್ರ ಹೊಳೆಯುವ ಬಗೆಯನ್ನು ಹಾನ್ಸ್ ಬೆಥೆ 1939ರಲ್ಲಿ ವಿವರಿಸಿದರು, ಆದರೆ ಅದರಿಂದ ನ್ಯೂಟನ್ನರ ಭಕ್ತಿ ಸುಳ್ಳಾಯಿತೆಂದು ನಾನು ಎಣಿಸುವುದಿಲ್ಲ. ನ್ಯೂಟನ್ನರ ಆ ಪತ್ರವನ್ನು ಚರ್ಚೆಗೆ ಮುಂಚೆ ಅವಳೂ ನೀನೂ ಒಟ್ಟಿಗೆ ಓದಿ. ಭಕ್ತರೊಬ್ಬರು ಲೆಕ್ಕಕ್ಕೆ ಅಂಜದಿದ್ದುದನ್ನು ಅವಳು ಕಾಣಲಿ; ದೇವರಿದ್ದಾನೆಯೇ ಎಂಬ ಪ್ರಶ್ನೆಗೆ ಅಣುಮೋಡಗಳ ಲೆಕ್ಕದಿಂದ ಉತ್ತರ ಹೊರಡದೆಂಬುದನ್ನು ನೀನೂ ಆ ಸಭೆಯಲ್ಲಿ ಮರೆಯದಿರು.

ಈಗ ಅಲ್ಲಿ ಚಳಿಗಾಲ. ಮೋಡವಿಲ್ಲದ ಒಂದು ರಾತ್ರಿ ಅವಳನ್ನು ಪೇಟೆಯ ದೀಪಗಳಿಂದ ದೂರ ಕರೆದುಕೊಂಡು ಹೋಗಿ, ದಕ್ಷಿಣಕ್ಕೆ ಮಹಾವ್ಯಾಧನ ಸೊಂಟದ ಮೂರು ಚುಕ್ಕಿಗಳ ಕೆಳಗೆ ಮಸುಕಾಗಿ ತೋರುವ ಮಚ್ಚೆಯನ್ನು, ಮೇಲೆ ಹೇಳಿದ ಒರಾಯನ್ ನೀಹಾರಿಕೆಯನ್ನೇ, ಬೈನಾಕ್ಯುಲರ್‌ನಲ್ಲಿ ತೋರಿಸು. ಅಲ್ಲಿನ ಬೆಳಕು ಹೊರಟು ಸುಮಾರು 1,350 ವರ್ಷವಾಗಿದೆ, ಅದನ್ನು ಬೆಳಗುತ್ತಿರುವ ನಕ್ಷತ್ರಗಳಿಗೆ ಸುಮಾರು 10 ಲಕ್ಷ ವರ್ಷ ಪ್ರಾಯ. ನೋಡಿ ಬಂದು ಅವಳು ಏನೆಂದಳು ಎಂಬುದನ್ನು ನನಗೆ ಬರೆ.

ಇಂತಿ ನಿನ್ನ ಹಿತ ಬಯಸುವ,
ದೊಡ್ಡಪ್ಪ