ಮರದ ಕಂಬಕ್ಕೆ ದಪ್ಪ ಬರೆದರಷ್ಟೇ ಸಾಲದು: ಲೋಕೋಪಯೋಗಿ ಸಚಿವರಿಗೆ ಬಹಿರಂಗ ಪತ್ರ

ಮಾನ್ಯ ಸಚಿವರೇ,

ಸಾರ್ವಜನಿಕ ಕಟ್ಟಡಗಳ ಎಷ್ಟೋ ನಕ್ಷೆ, ಎಸ್ಟಿಮೇಟುಗಳಲ್ಲಿ ಮರದ ಕಂಬದ ವಿವರ ಒಂದೇ ಸಾಲಿನಲ್ಲಿ ಮುಗಿದುಹೋಗುತ್ತದೆ: “100 × 100 ಮಿ.ಮೀ., ಗಟ್ಟಿ ಮರ”. ಕಂಬದ ಎತ್ತರವೆಷ್ಟು, ನಡುವೆ ಆಸರೆ ಇದೆಯೇ, ಬುಡ ಮತ್ತು ತಲೆಯನ್ನು ಹೇಗೆ ಹಿಡಿದು ನಿಲ್ಲಿಸಲಾಗುತ್ತದೆ ಎಂಬುದು ಎಲ್ಲಿಯೂ ಇರುವುದಿಲ್ಲ. ಈ ಮೂರನ್ನು ಬರೆಯದ ನಕ್ಷೆಗೆ ಮಂಜೂರಾತಿ ಸಿಗಬಾರದು ಎಂಬುದು ನಮ್ಮ ಬೇಡಿಕೆ.

ಗಿಡ್ಡ ಕಂಬದ ಮೇಲೆ ಭಾರ ಮಿತಿಮೀರಿದರೆ ಮರದ ನಾರು ಜಜ್ಜಿಹೋಗುತ್ತದೆ. ಉದ್ದ ಕಂಬ ಹಾಗಲ್ಲ. ನಾರು ಜಜ್ಜುವುದಕ್ಕೆ ಬಹಳ ಮೊದಲೇ ಅದು ಪಕ್ಕಕ್ಕೆ ಬಳುಕಿ ಕೈಕೊಡುತ್ತದೆ, ಇದೇ ಬಕ್ಲಿಂಗ್. ಗಣಿತಜ್ಞ ಆಯ್ಲರ್ 1744ರಲ್ಲೇ ಇದರ ಲೆಕ್ಕ ಕೊಟ್ಟಿದ್ದಾನೆ. ಇಂಥ ಕಂಬದ ಉದ್ದ ಎರಡರಷ್ಟಾದರೆ ಹೊರುವ ಭಾರ ಕಾಲುಭಾಗಕ್ಕೆ ಇಳಿಯುತ್ತದೆ.

ಒಂದು ಮರದ ಬಿಗುಪಿನ ಗುಣಾಂಕ (ಬಾಗುವುದಕ್ಕೆ ಮರ ಒಡ್ಡುವ ವಿರೋಧದ ಅಳತೆ) ಪ್ರತಿ ಚದರ ಮಿ.ಮೀ.ಗೆ 10,000 ನ್ಯೂಟನ್, ನಾರಿನ ಉದ್ದಕ್ಕೆ ಅನುಮತಿಸಿದ ಒತ್ತಡ 7 ನ್ಯೂಟನ್ ಎಂದಿಟ್ಟುಕೊಳ್ಳೋಣ. ಎರಡೂ ತುದಿ ಪಕ್ಕಕ್ಕೆ ಸರಿಯದಂತೆ, ಆದರೆ ತಿರುಗಬಲ್ಲಂತೆ ನಿಂತ 100 × 100 ಮಿ.ಮೀ. ಕಂಬಕ್ಕೆ ಮರದ ಕಟ್ಟಡ ವಿನ್ಯಾಸದ ಭಾರತೀಯ ಮಾನಕವಾದ ಐಎಸ್ 883 ಸಂಹಿತೆಯ ಸೂತ್ರಗಳನ್ನು ಹಚ್ಚಿದರೆ ಬರುವ ಉತ್ತರ ಹೀಗಿದೆ. 1 ಮೀಟರ್ ಎತ್ತರಕ್ಕೆ 70 ಕಿಲೋನ್ಯೂಟನ್ (ಒಂದು ಕಿಲೋನ್ಯೂಟನ್ ಎಂದರೆ ಸುಮಾರು 100 ಕಿಲೋ ತೂಕ). 2.4 ಮೀಟರಿಗೆ 54. 3.6 ಮೀಟರಿಗೆ 25. 4.8 ಮೀಟರಿಗೆ ಬರೀ 14. ಮರ ಅದೇ, ದಪ್ಪ ಅದೇ. ಎಸ್ಟಿಮೇಟಿನ ಆ ಒಂದು ಸಾಲು ಈ ನಾಲ್ಕೂ ಕಂಬಗಳಿಗೆ ಅಕ್ಷರಶಃ ಒಂದೇ ಆಗಿರುತ್ತದೆ.

ಲೆಕ್ಕ ಕಷ್ಟದ್ದೇನಲ್ಲ. ಕಂಬದ ಪರಿಣಾಮಕ ಉದ್ದವನ್ನು (ತುದಿಗಳ ಹಿಡಿತ, ನಡುವಿನ ಆಸರೆಗೆ ತಕ್ಕಂತೆ ಲೆಕ್ಕಕ್ಕೆ ಹಿಡಿಯುವ ಉದ್ದ) ಅದು ಬಳುಕುವ ದಿಕ್ಕಿನ ದಪ್ಪದಿಂದ ಭಾಗಿಸಬೇಕು. ಉತ್ತರ 11ರವರೆಗೆ ಇದ್ದರೆ ಗಿಡ್ಡ ಕಂಬ, ಪೂರ್ತಿ ಒತ್ತಡಕ್ಕೆ ಅನುಮತಿ. ಮೇಲೆ ಹೇಳಿದ ಮರಕ್ಕೆ ಸುಮಾರು 26.5 ದಾಟಿದರೆ ಉದ್ದ ಕಂಬ; ಇವೆರಡರ ನಡುವಿನದಕ್ಕೆ ಸಂಹಿತೆಯಲ್ಲಿ ಬೇರೆ ಸೂತ್ರವಿದೆ. ಉದ್ದ ಕಂಬಕ್ಕೆ ಅನುಮತಿಸುವ ಒತ್ತಡವೆಂದರೆ ಬಿಗುಪಿನ ಗುಣಾಂಕವನ್ನು 0.329ರಿಂದ ಗುಣಿಸಿ, ಆ ಅನುಪಾತದ ವರ್ಗದಿಂದ ಭಾಗಿಸಿದಾಗ ಬರುವುದು. (ಆಯ್ಲರ್ ಸೂತ್ರದ 0.822ಕ್ಕೆ 2.5ರಷ್ಟು ಸುರಕ್ಷತೆ ಇಟ್ಟರೆ ಸಿಗುವುದೇ ಈ 0.329.) ಅನುಪಾತ 50 ಮೀರಿದ ಕಂಬವನ್ನು ಬಳಸಲೇಬಾರದು. ಉದ್ದ ಕಂಬದ ಸೂತ್ರದಲ್ಲಿ ಜಜ್ಜುವ ಬಲದ ಮಾತೇ ಬರುವುದಿಲ್ಲ ಎಂಬುದನ್ನು ದಯವಿಟ್ಟು ಗಮನಿಸಿ. “ಗಟ್ಟಿ ಮರ” ಎಂದು ಬರೆದು ನಿಶ್ಚಿಂತೆಯಾಗಿರುವುದು ಅದಕ್ಕೇ ತಪ್ಪು. ಬೇಕಿರುವುದು ಮರದ ಜಾತಿ, ದರ್ಜೆ ಮತ್ತು ಬಿಗುಪು.

ದಪ್ಪದ ವಿಷಯದಲ್ಲೂ ಹುಷಾರಾಗಿರಬೇಕು. ಕೊಯ್ದ ಮರ 100 ಮಿ.ಮೀ. ಇದ್ದದ್ದು ಕೀಸುಳಿ ಹೊಡೆದು, ಒಣಗಿ 90ಕ್ಕೆ ಇಳಿದರೆ 3.6 ಮೀಟರ್ ಕಂಬ ಹೊರುವ ಭಾರ 25ರಿಂದ 17 ಕಿಲೋನ್ಯೂಟನ್ನಿಗೆ ಇಳಿಯುತ್ತದೆ. ಚೌಕ ಕಂಬದ ಬಳುಕುವ ಭಾರ ದಪ್ಪದ ನಾಲ್ಕನೇ ಘಾತದಂತೆ ಬದಲಾಗುವುದರಿಂದ ಹತ್ತೇ ಮಿಲಿಮೀಟರಿಗೆ ಮೂರನೇ ಒಂದು ಭಾಗ ಶಕ್ತಿ ಹೋಯಿತು. ಹಾಗಾಗಿ ನಕ್ಷೆಯಲ್ಲಿ ಇರಬೇಕಾದದ್ದು ಕೀಸಿ ಮುಗಿಸಿದ ಅಳತೆ.

ಆಕಾರವೂ ಅಷ್ಟೇ ಮುಖ್ಯ. 50 × 200 ಮಿ.ಮೀ. ಹಲಗೆಯಲ್ಲೂ ಅಷ್ಟೇ ಮರವಿದೆ, ಬೆಲೆಪಟ್ಟಿಯಲ್ಲಿ ಅಷ್ಟೇ ಘನಮೀಟರ್. ಆದರೆ 3.6 ಮೀಟರಿಗೆ ಅದರ ಅನುಪಾತ 72, ಅಂದರೆ ಕಂಬವಾಗಿ ಅನರ್ಹ. ಅದೇ ಹಲಗೆಗೆ ನಡುಮಧ್ಯದಲ್ಲಿ, ತೆಳು ದಿಕ್ಕಿನಲ್ಲಿ ಒಂದು ಆಸರೆ ಕೊಟ್ಟರೆ 25 ಕಿಲೋನ್ಯೂಟನ್ ಹೊರುತ್ತದೆ; ಸಮ ದೂರದಲ್ಲಿ ಎರಡು ಆಸರೆ ಕೊಟ್ಟರೆ 54. ಅಡ್ಡಪಟ್ಟಿಗೆ ತಗಲುವ ಖರ್ಚು ದಪ್ಪ ಮರದ ಖರ್ಚಿನ ಮುಂದೆ ಏನೂ ಅಲ್ಲ. ಆ ಪಟ್ಟಿ ಮಾತ್ರ ತಾನೇ ಅಲುಗದ ಗೋಡೆಗೋ ಓರೆಪಟ್ಟಿಗೋ ಕಟ್ಟಿಕೊಂಡಿರಬೇಕು. ಪಕ್ಕದ ಕಂಬಕ್ಕಷ್ಟೇ ಜೋಡಿಸಿದರೆ ಎಲ್ಲ ಕಂಬಗಳೂ ಒಂದೇ ಕಡೆಗೆ ಒಟ್ಟಿಗೆ ಬಳುಕುತ್ತವೆ. 50 × 100ರ ಎರಡು ಹಲಗೆಗಳನ್ನು ಅಲ್ಲೊಂದು ಇಲ್ಲೊಂದು ಮೊಳೆಯಿಂದ ಸೇರಿಸಿ ಒಂದು ಕಂಬ ಎಂದು ಲೆಕ್ಕ ಹಾಕುವುದೂ ಅಪಾಯ: ಒಂದರ ಮೇಲೊಂದು ಜಾರಿದರೆ ತೆಳು ದಿಕ್ಕಿನ ಬಿಗುಪು ಇಡೀ ಮರದ ಕಾಲುಭಾಗ ಮಾತ್ರ.

ನಮಗೆ ಹೆಚ್ಚು ಕಳವಳ ತರುವುದು ಗೋಡೆಯಿಲ್ಲದ ಮಂಟಪ, ತಂಗುದಾಣಗಳು. ಓರೆಪಟ್ಟಿ ಇಲ್ಲದೆ, ಬುಡವನ್ನು ಮಾತ್ರ ಬಿಗಿದು ತಲೆಯನ್ನು ಬಿಟ್ಟ ಕಂಬದ ಪರಿಣಾಮಕ ಉದ್ದ ಅದರ ಎತ್ತರದ ಎರಡರಷ್ಟು, ವಿನ್ಯಾಸದಲ್ಲಿ 2.1ರಷ್ಟು ಹಿಡಿಯುವುದು ರೂಢಿ. 100 ಮಿ.ಮೀ. ದಪ್ಪದ 3.6 ಮೀಟರ್ ಕಂಬದ ಅನುಪಾತ ಆಗ 75 ದಾಟುತ್ತದೆ. ಒಂದು ಬೋಲ್ಟಿನ ಬುಡವಂತೂ ಬಿಗಿದ ಬುಡವೇ ಅಲ್ಲ. ಅಂಥ ಚಾವಣಿಗೆ ಎರಡೂ ದಿಕ್ಕಿನಲ್ಲಿ ಓರೆಪಟ್ಟಿ ಬೇಕೇ ಬೇಕು.

ಈ ಅಂಕಿಗಳೆಲ್ಲ ಭಾರ ಕಂಬದ ನಟ್ಟನಡುವೆ ಇಳಿದಾಗ ಮಾತ್ರ ನಿಜ. ತೊಲೆಯನ್ನು ಪಕ್ಕದ ಬ್ರಾಕೆಟ್ಟಿನ ಮೇಲೆ ಕೂರಿಸಿ ಭಾರ 17 ಮಿ.ಮೀ.ನಷ್ಟು, ಅಂದರೆ ದಪ್ಪದ ಆರನೇ ಒಂದು ಭಾಗ, ಸರಿದರೆ ಸಾಕು. ಭಾರ ಸರಿದ ಕಡೆಯ ಅಂಚಿನ ಒತ್ತಡ ಎರಡರಷ್ಟಾಗುತ್ತದೆ. ಕಂಬ ಬಾಗಿದಷ್ಟೂ ಅದು ಇನ್ನೂ ಏರುತ್ತದೆ. ತೊಲೆ ಕಂಬದ ನೆತ್ತಿಯ ಮೇಲೇ ಕೂತರೂ ಇನ್ನೊಂದು ತಪಾಸಣೆ ಉಳಿದಿದೆ. ತೊಲೆಯ ನಾರು ಅಡ್ಡಲಾಗಿರುವುದರಿಂದ ಕಂಬ ತಾಳುವ ಒತ್ತಡವನ್ನು ತೊಲೆ ತಾಳದೆ ತಗ್ಗಿಹೋಗುತ್ತದೆ. ನಡುವೆ ಅಗಲವಾದ ಉಕ್ಕಿನ ಪ್ಲೇಟು ಇಡಬೇಕು.

ಬುಡವನ್ನು ಕಾಂಕ್ರೀಟಿನ ಗುಂಡಿಯಲ್ಲಿ ಹೂಳುವುದನ್ನು ನಿಲ್ಲಿಸಿ. ಕತ್ತರಿಸಿದ ತುದಿ ಎಲ್ಲಕ್ಕಿಂತ ಬೇಗ ನೀರು ಹೀರುತ್ತದೆ, ಗುಂಡಿಯಲ್ಲಿ ಒಣಗಲು ದಾರಿಯಿಲ್ಲ. ಹಸಿ ಮರದ ಬಲ ಕಡಿಮೆ, ತೇವಾಂಶ ಶೇ. 20ರ ಮೇಲೆಯೇ ಉಳಿದರೆ ಕೊಳೆಯುವ ಅಪಾಯ. ಕಂಬವನ್ನು ನೆಲದಿಂದ ಮೇಲೆತ್ತಿ ಹಿಡಿಯುವ, ನೀರು ಹರಿದುಹೋಗುವ ಉಕ್ಕಿನ ಶೂ ಇರಲಿ.

ಆದ್ದರಿಂದ ಪ್ರತಿ ಕಂಬದ ವಿವರದಲ್ಲಿ ಜಾತಿ ಮತ್ತು ದರ್ಜೆ, ಕೀಸಿದ ಅಳತೆ, ಎರಡೂ ದಿಕ್ಕಿನ ಆಸರೆಯಿಲ್ಲದ ಉದ್ದ, ತುದಿಗಳ ಜೋಡಣೆ, ಹೊರಬೇಕಾದ ಭಾರ, ಅನುಮತಿಸಿದ ಭಾರ ಇರಲೇಬೇಕೆಂದು ಆದೇಶ ಹೊರಡಿಸಿ. ಇದಕ್ಕೆ ಅರ್ಧ ಪುಟ ಸಾಕು. ಚಾವಣಿ ಏರಿಸುವ ಮುನ್ನ ಕಿರಿಯ ಎಂಜಿನಿಯರ್ ಕಂಬದ ದಪ್ಪ ಅಳೆದು, ತೂಗುಗುಂಡು ಬಿಟ್ಟು ನೋಡಿ ಸಹಿ ಹಾಕಲಿ. ನಡುಭಾಗದಲ್ಲಿ ದೊಡ್ಡ ಗಂಟು ಅಥವಾ ನಕ್ಷೆಯಲ್ಲಿಲ್ಲದ ಕಚ್ಚು ಇರುವ ಕಂಬವನ್ನು ಬದಲಿಸಲು ಬರೆಯಲಿ; ಮೊದಲೇ ಬಾಗಿರುವ ಕಂಬವನ್ನೂ ಎಳೆದು ಕಟ್ಟಿ ನೇರ ಮಾಡಲು ಬಿಡದೆ ಬದಲಿಸಲು ಹೇಳಲಿ.

ಇತಿ,
ಮರದ ಕಟ್ಟಡಗಳ ವಿನ್ಯಾಸದಲ್ಲಿ ತೊಡಗಿರುವ ಎಂಜಿನಿಯರುಗಳು