ಎಡಗೈಯಲ್ಲಿ ಉಳಿದ ಊರು

ಪ್ರಿಯ ಓದುಗರೇ,

ಯುಗಾದಿ ಕಾರ್ಯಕ್ರಮದ ವಿವರ, ಫೋಟೋ ಎಲ್ಲ ಒಳಪುಟಗಳಲ್ಲಿವೆ. ಇಲ್ಲಿ ನನಗೆ ಚಾಂಪಿಯನ್ ಜ್ಯಾಕ್ ಡುಪ್ರೀ ಅವರ ಬಗ್ಗೆ ಹೇಳಬೇಕು. ಇಂಗ್ಲೆಂಡಿನಲ್ಲಿ ನಾವಿರುವ ಇದೇ ಯಾರ್ಕ್‌ಷೈರ್‌ನ ಹ್ಯಾಲಿಫ್ಯಾಕ್ಸ್‌ನಲ್ಲಿ, 1970ರ ದಶಕದಲ್ಲಿ ಬ್ಲೂಸ್ ಎಂಬ ಅಮೆರಿಕದ ಕರಿಯರ ಹಾಡಿನ ಪ್ರಕಾರದ ಈ ಗಾಯಕ, ಪಿಯಾನೋ ವಾದಕ ಸಂಸಾರ ಹೂಡಿದ್ದರು. ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು?

ಅವರು ಹುಟ್ಟಿದ್ದು ಅಮೆರಿಕದ ನ್ಯೂ ಆರ್ಲಿಯನ್ಸ್‌ನಲ್ಲಿ, 1910ರ ಆಸುಪಾಸಿನಲ್ಲಿ. ಇನ್ನೂ ಚಿಕ್ಕವರಾಗಿದ್ದಾಗಲೇ ಮನೆಗೆ ಬೆಂಕಿ ಬಿದ್ದು ಅಪ್ಪ ಅಮ್ಮ ಇಬ್ಬರೂ ತೀರಿಹೋದರು. ಬೆಂಕಿ ಇಟ್ಟದ್ದು ಕರಿಯರನ್ನು ದ್ವೇಷಿಸುವ ಬಿಳಿಯರ ಗುಂಪಾದ ಕೂ ಕ್ಲಕ್ಸ್ ಕ್ಲಾನ್‌ನವರು ಎಂದು ಅವರು ಹೇಳುತ್ತಿದ್ದರು. ಬೆಳೆದದ್ದು ಕರಿಯ ಮಕ್ಕಳ ಅನಾಥಾಶ್ರಮದಲ್ಲಿ. ಹೆಸರಾಂತ ಜಾಝ್ ಕಲಾವಿದ ಲೂಯಿ ಆರ್ಮ್‌ಸ್ಟ್ರಾಂಗ್ ಕೂಡ ಹಿಂದೆ ಇದ್ದ ಜಾಗ ಅದು. ಪಿಯಾನೋ ಕಲಿತದ್ದು ವಿಲ್ಲಿ ಹಾಲ್ ಎಂಬ ವಾದಕರಿಂದ. ಅವರನ್ನು ಅಪ್ಪ ಎಂದೇ ಕರೆಯುತ್ತಿದ್ದರಂತೆ. ಆಮೇಲೆ ಹೊಟ್ಟೆಪಾಡಿಗೆ ಬಾಕ್ಸಿಂಗ್. 'ಚಾಂಪಿಯನ್' ಅಂಟಿಕೊಂಡದ್ದು ಅಲ್ಲಿಂದ. ಎರಡನೇ ಮಹಾಯುದ್ಧದಲ್ಲಿ ನೌಕಾಪಡೆಗೆ ಅಡುಗೆಯವರಾಗಿ ಹೋಗಿ ಜಪಾನಿಯರ ಸೆರೆಯಲ್ಲಿ ಎರಡು ವರ್ಷ ಕಳೆದರು.

1960ರ ಹೊತ್ತಿಗೆ ಅಮೆರಿಕ ಬಿಟ್ಟರು. ಬಣ್ಣ ನೋಡಿ ಮಣೆ ಹಾಕುವ ದೇಶ ಸಾಕಾಗಿತ್ತು. ಜೂರಿಕ್, ಕೋಪನ್‌ಹೇಗನ್, ಹ್ಯಾಲಿಫ್ಯಾಕ್ಸ್, ಕೊನೆಗೆ ಜರ್ಮನಿಯ ಹ್ಯಾನೋವರ್.

ದಯವಿಟ್ಟು ಅವರ 1958ರ ಆಲ್ಬಂ 'ಬ್ಲೂಸ್ ಫ್ರಮ್ ದ ಗಟರ್' ಕೇಳಿ. ಪಿಯಾನೋ ಮೇಲೆ ಅವರ ಎಡಗೈ ಗಾಡಿಯ ಚಕ್ರದ ಹಾಗೆ ಒಂದೇ ಸಮ ಉರುಳುತ್ತಿರುತ್ತದೆ. ಬಲಗೈ ಅದರ ಮೇಲೆ ತನ್ನ ಪಾಡಿಗೆ ಹರಟುತ್ತದೆ. ಒಂದು ಸಾಲು ಹಾಡುತ್ತಾರೆ, ಅದನ್ನೇ ಮತ್ತೆ ಹಾಡುತ್ತಾರೆ, ಮೂರನೆಯ ಸಾಲಿನಲ್ಲಿ ಮಾತು ಮುಟ್ಟಿಸುತ್ತಾರೆ. ಬ್ಲೂಸ್ ಎಂದರೆ ಹೆಚ್ಚಾಗಿ ಇಷ್ಟೇ ಕಟ್ಟು. ಆದರೆ ಎರಡನೇ ಸಲ ಹಾಡುವಾಗ ಅದೇ ಸಾಲು ಇನ್ನಷ್ಟು ಭಾರವಾಗಿರುತ್ತದೆ, ಅದನ್ನು ಕೇಳಿಯೇ ತಿಳಿಯಬೇಕು. 1940ರ ದಶಕದ ಆರಂಭದಲ್ಲಿ ಅವರು ರೆಕಾರ್ಡ್ ಮಾಡಿದ್ದ ಒಂದು ಹಾಡಿನ ಧಾಟಿಯ ಮೇಲೆಯೇ ನ್ಯೂ ಆರ್ಲಿಯನ್ಸ್‌ನ ಇನ್ನೊಬ್ಬ ಪಿಯಾನೋ ವಾದಕ, ಗಾಯಕ ಫ್ಯಾಟ್ಸ್ ಡಾಮಿನೋ 1949ರಲ್ಲಿ ತಮ್ಮ ಮೊದಲ ಹಿಟ್ ಹಾಡು ಕಟ್ಟಿದರು. ಯುರೋಪಿನಲ್ಲಿ ಮೂವತ್ತು ವರ್ಷ ಕಳೆದರೂ ಡುಪ್ರೀಯವರ ಎಡಗೈ ಮಾತ್ರ ಹುಟ್ಟೂರಿನದೇ. ಮನೆಯಲ್ಲಿ ಇಂಗ್ಲಿಷ್ ಜಾಸ್ತಿಯಾಗಿದ್ದರೂ ಎಡವಿದಾಗ 'ಅಮ್ಮಾ' ಎನ್ನುವ ನಮಗೆ ಇದು ಅರ್ಥವಾಗುತ್ತದೆ ಅಲ್ವಾ?

1990ರಲ್ಲಿ, ಎಂಬತ್ತರ ಹರೆಯದಲ್ಲಿ, ನ್ಯೂ ಆರ್ಲಿಯನ್ಸ್‌ನ ಜಾಝ್ ಉತ್ಸವಕ್ಕೆ ಕರೆ ಬಂತು. ಹೋದರು, ನುಡಿಸಿದರು, ಆ ಭೇಟಿಯಲ್ಲೇ ಒಂದು ಆಲ್ಬಂ ಕೂಡ ಮಾಡಿದರು. ಮತ್ತೆ ಹ್ಯಾನೋವರ್‌ಗೆ ಮರಳಿದರು. 1992ರ ಜನವರಿ 21ರಂದು ಅಲ್ಲೇ ತೀರಿಕೊಂಡರು.

ಮುಂದಿನ ತಿಂಗಳ ಸಂಗೀತ ಸಂಜೆಯಲ್ಲಿ, ಮಕ್ಕಳ ಕೀಬೋರ್ಡ್ ಕಾರ್ಯಕ್ರಮಕ್ಕೆ ಮೊದಲು, ಅವರ ಒಂದು ಹಾಡು ಹಾಕುತ್ತೇನೆ. ಸ್ವಲ್ಪ ಬೇಗ ಬನ್ನಿ. ಎಡಗೈ ಕಡೆ ಕಿವಿ ಕೊಡಿ.

— ಸಂಪಾದಕ